ಸಂಪಿನ ದಡದಿಂದ ಮೀನು ವರದಿ

ಇದನ್ನು ಹೇಳಿದರೆ ನೀವು ನಂಬುವುದಿಲ್ಲ. ಪರವಾಗಿಲ್ಲ. ನಮ್ಮ ಕಾಲೇಜಿನಲ್ಲೂ ಯಾರೂ ನಂಬಿಲ್ಲ, ಆದರೂ ಕ್ಯಾಂಟೀನಿನಲ್ಲಿ ಕುರ್ಚಿ ಎಳೆದುಕೊಂಡು ಬಂದು ಕೇಳುತ್ತಾರೆ. ಶಿವಮೊಗ್ಗದಲ್ಲಿ ಮೀನು ಹಿಡಿಯಲು ಅತ್ಯುತ್ತಮ ಜಾಗ ತುಂಗಾ ನದಿಯಲ್ಲ, ಗಾಜನೂರು ಡ್ಯಾಮೂ ಅಲ್ಲ. ರವೀಂದ್ರನಗರದ ನಮ್ಮ ಮನೆಯ ಸಂಪು. ಗೇಟು ತೆಗೆದ ಕೂಡಲೇ ಎಡಕ್ಕೆ, ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕ, ಕಬ್ಬಿಣದ ಮುಚ್ಚಳದ ಕೆಳಗೆ.

ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಪಕ್ಕದ ಮನೆಯಲ್ಲಿ ಆಮ್ಲೆಟ್ ಹಾಕಿದರೆ ಅಮ್ಮ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಾರೆ. ನಾನೂ ತಿಂದವನಲ್ಲ. ಆದರೆ ಗಾಳ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಜಿಲ್ಲೆಯಲ್ಲಿಲ್ಲ. ಈ ವಿಷಯ ನನ್ನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದಿರುವುದು ಜಿಲ್ಲೆಯ ತಪ್ಪು. ಎರೆಹುಳ ಮುಟ್ಟುವಂತಿಲ್ಲವಾದ್ದರಿಂದ ಅಮ್ಮ ಕಲಸಿಟ್ಟ ಚಪಾತಿ ಹಿಟ್ಟನ್ನೇ ಉಂಡೆ ಮಾಡಿ ಸಿಕ್ಕಿಸುತ್ತಿದ್ದೆ. ನಮ್ಮ ಮನೆಯ ಗಾಳವೂ ಸಸ್ಯಾಹಾರಿ.

ಮನೆಯವರ ಲೆಕ್ಕದಲ್ಲಿ ನಾನು ಸಂಜೆ ಫಿಸಿಕ್ಸ್ ಓದಲು ಹೋಗುತ್ತಿದ್ದೆ. ಹೋಗುತ್ತಿದ್ದದ್ದು ಹೊಳೆಗೆ. ಅಲ್ಲಿ ಕೂತು ನಮ್ಮ ವಾಟ್ಸಾಪ್ ಗುಂಪಿಗೆ ದಿನಾ ಒಂದು ವಾಯ್ಸ್ ಮೆಸೇಜು ಕಳಿಸುತ್ತಿದ್ದೆ. “ತುಂಗಾ ದಡದ ಇವತ್ತಿನ ಸ್ಥಿತಿ. ನೀರು ಕೆಂಪು. ಸೆಳವು ಜೋರು. ಗಾಳಿ ಪಶ್ಚಿಮದಿಂದ. ಮೀನಿಗೆ ಹಸಿವಿಲ್ಲ.” ಪಶ್ಚಿಮ ಯಾವ ಕಡೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದರೆ ತೂಕ ಬರುತ್ತದೆ ಅಂತ ಹೇಳುತ್ತಿದ್ದೆ.

ಗುಂಪಿನಲ್ಲಿ ಇದನ್ನೆಲ್ಲ ಪೂರ್ತಿ ಕೇಳುತ್ತಿದ್ದವನು ಒಬ್ಬನೇ, ಭದ್ರಾವತಿ ನ್ಯೂ ಟೌನಿನಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಬರುವ ನನ್ನ ಗೆಳೆಯ. ಅವರ ಮನೆಯಲ್ಲಿ ತಮಿಳು, ಭಾನುವಾರ ಮೀನು ಸಾರು. ಒಂದು ದಿನ ಲ್ಯಾಬಿನ ಹೊರಗೆ ನಿಲ್ಲಿಸಿ ಕೇಳಿದ.

“ಡೇಯ್, ಗಾಳಿ ಗೊತ್ತಾಯ್ತು, ಸೆಳವು ಗೊತ್ತಾಯ್ತು. ಮೀನೆಲ್ಲಿ?”

“ಹಿಡಿದು ಬಿಟ್ಬಿಟ್ಟೆ ಮಾರಾಯ. ಪಾಪ ಅಲ್ವಾ?”

“ದಿನಾ ಬಿಟ್ಬಿಡ್ತೀಯ. ಒಂದ್ ಸಲ ಹಿಡ್ಕೊಂಡೇ ಬಾ ಮಗಾ, ಜೀವಂತ. ಇಲ್ಲಾಂದ್ರೆ ಈ ವರದಿ ನಿಲ್ಸು. ನನ್ ಫೋನ್ ಮೆಮೊರಿ ಫುಲ್ ಆಗ್ತಿದೆ.”

ಅದೇ ವಾರ ಭದ್ರಾವತಿ ಕಡೆ ಚಾನಲ್ಲಿಗೆ ಬಿಡುವ ನೀರು ನಿಲ್ಲಿಸಿದರು. ನೀರು ನಿಂತರೆ ಚಾನಲ್ಲಿನಲ್ಲಿ ಅಲ್ಲಲ್ಲಿ ಗುಂಡಿ ಉಳಿಯುತ್ತದೆ, ಗುಂಡಿಯಲ್ಲಿ ಮೀನು ಉಳಿಯುತ್ತದೆ. ಅರ್ಧ ಊರು ಜರಡಿ, ಹಳೇ ಸೀರೆ, ಸೊಳ್ಳೆಪರದೆ ಹಿಡಿದುಕೊಂಡು ಇಳಿದಿತ್ತು. ನಾನು ಆನ್‌ಲೈನಿನಲ್ಲಿ ತರಿಸಿದ ಗಾಳದ ಕೋಲು ಹಿಡಿದು ಹೋದೆ. ಅದು ಸಮುದ್ರದ ದಡದಲ್ಲಿ ನಿಂತು ಅಲೆಯ ಆಚೆಗೆ ಎಸೆಯುವ ಕೋಲು. ಡಬ್ಬಿಯ ಮೇಲೆ ಒಬ್ಬ ಬಿಳಿಯ ಮನುಷ್ಯ ಸೊಂಟದ ತನಕ ಸಮುದ್ರದಲ್ಲಿ ನಿಂತು ನಗುತ್ತಿದ್ದ. ಚಾನಲ್ಲಿಗಿಂತ ಕೋಲೇ ಉದ್ದ. ನಾನು ಈ ದಡದಲ್ಲಿ ನಿಂತು ಎಸೆದರೆ ಗಾಳ ಆ ದಡದ ಗದ್ದೆಯಲ್ಲಿ ಬೀಳುತ್ತಿತ್ತು. ಒಬ್ಬ ಹೆಂಗಸು ಸೊಳ್ಳೆಪರದೆ ಎತ್ತಿ ನಿಂತು ನನ್ನನ್ನು ನೋಡಿ, “ಏನಪ್ಪಾ, ಭತ್ತ ಹಿಡೀತಿದೀಯಾ?” ಅಂದಳು.

ನೋಡಲು ಬಂದಿದ್ದ ಗೆಳೆಯ ಹಸಿವಾಯಿತೆಂದು ಮನೆಗೆ ಊಟಕ್ಕೆ ಹೋದ. ಅವನು ಹೋದ ಮೇಲೆ ಮೀನು ಬಿತ್ತು. ಜಿಲೇಬಿ. ಆ ಮೀನನ್ನು ಇಲ್ಲಿ ಹಾಗೇ ಕರೆಯುತ್ತಾರೆ, ನಾನಿಟ್ಟ ಹೆಸರಲ್ಲ. ಉದ್ದ ನನ್ನ ಮೊಳಕೈ ತನಕ. ಕಾಲೇಜಿನಲ್ಲಿ ಹೇಳುವಾಗ ಭುಜದ ತನಕ. ಅವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಉಂಡು ಮಲಗಿದ್ದನಂತೆ. ಹೋಗಲಿ, ನಾಳೆ ಕಾಲೇಜಿಗೇ ತಗೊಂಡು ಹೋಗಿ ಎಲ್ಲರೆದುರಿಗೆ ತೋರಿಸುತ್ತೇನೆ ಅಂತ ಖಾಲಿ ಪೇಂಟಿನ ಬಕೆಟ್ಟಿಗೆ ನೀರು ತುಂಬಿ, ಅದರೊಳಗೆ ಬಿಟ್ಟು ಬಸ್ಸು ಹತ್ತಿದೆ.

ಕಂಡಕ್ಟರು ಬಗ್ಗಿ ನೋಡಿದ. “ಏನಯ್ಯಾ ಇದು?”

“ಬಯಾಲಜಿ ಪ್ರಾಜೆಕ್ಟ್ ಅಣ್ಣ.”

“ನಮ್ಮ ಕಾಲ್ದಲ್ಲಿ ಬಯಾಲಜಿ ಪುಸ್ತಕದೊಳಗೇ ಇರ್ತಿತ್ತು. ಅದಕ್ಕೂ ಒಂದ್ ಟಿಕೆಟ್ ತಗೋ.”

ಗೇಟಿನೊಳಗೆ ಕಾಲಿಟ್ಟದ್ದೇ ಬಾಗಿಲ ಹತ್ತಿರ ಅಮ್ಮನ ಬಳೆ ಸದ್ದು ಕೇಳಿತು. ಯೋಚಿಸಲು ಟೈಮಿರಲಿಲ್ಲ. ಸಂಪಿನ ಮುಚ್ಚಳ ತೆಗೆದು, ಎರಡು ನಿಮಿಷ ಇರಲಿ ಅಂತ ಬಕೆಟ್ಟು ಬಗ್ಗಿಸಿದೆ. ಅಮ್ಮ ಬಂದು, ನೋಡಿ, “ಕಾಲು ತೊಳ್ಕೊಂಡು ಒಳಗೆ ಬಾ” ಅಂದು ಹೋದರು. ನಾನು ಸಂಪಿನೊಳಗೆ ಟಾರ್ಚ್ ಬೆಳಕು ಬಿಟ್ಟೆ. ಕತ್ತಲು. ಜಿಲೇಬಿಗೆ ಜೀವನದಲ್ಲಿ ಮೊದಲ ಸಲ ಸ್ವಂತ ಮನೆ ಸಿಕ್ಕಿತ್ತು. ಅದು ಯಾಕೆ ಹೊರಗೆ ಬಂದೀತು?

ಅಲ್ಲಿಗೆ ಇದು ತಮಾಷೆಯ ವಿಷಯವಾಗಿ ಉಳಿಯಲಿಲ್ಲ. ಕಾರಣ ನಮ್ಮ ಅಜ್ಜಿ, ಅಪ್ಪನ ಅಮ್ಮ. ಮೇಲಿನ ಟ್ಯಾಂಕಿನ ನೀರಿನಲ್ಲಿ ಪಾರಿವಾಳ ಮೀಯುತ್ತದೆಂದು ಅವರು ನಲ್ಲಿ ನೀರು ಮುಟ್ಟುವುದಿಲ್ಲ. ಸಂಪಿನಿಂದ ಹಗ್ಗ ಕಟ್ಟಿ ಸೇದಿದ ನೀರಿನಲ್ಲೇ ಸ್ನಾನ, ಅದೇ ನೀರಿನಲ್ಲಿ ಲಿಂಗಪೂಜೆ. ಪೂಜೆಯಾಗದೆ ಬಾಯಿಗೆ ಏನೂ ಹಾಕುವುದಿಲ್ಲ. ಹಿಂದೊಮ್ಮೆ ಹಾಲಿನಲ್ಲಿ ಹಲ್ಲಿ ಬಿದ್ದದ್ದು ಗೊತ್ತಾಗಿ ಉಪವಾಸ ಕೂತರು. ಶುಗರಿನ ಮಾತ್ರೆ ಮಾತ್ರ ನುಂಗಿದ್ದರು. ಮಧ್ಯಾಹ್ನ ದೇವರ ಮನೆಯ ಹೊಸ್ತಿಲಲ್ಲೇ ಕುಸಿದರು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಬೇಕಾಯಿತು. ಅದು ಬರೀ ಹಲ್ಲಿ, ಅದೂ ಸತ್ತದ್ದು. ಇದು ಈಜುತ್ತಿರುವ ಮೀನು.

ಹಾಗಾಗಿ ಮರುದಿನದಿಂದ ಅಜ್ಜಿ ಏಳುವ ಮೊದಲೇ ಎದ್ದು ಪಾರ್ಕಿನ ಮೂಲೆಯ ಬೋರ್‌ವೆಲ್ಲಿನ ಪಂಪು ಹೊಡೆದು ಕೊಡ ತುಂಬಿ ತಂದಿಡತೊಡಗಿದೆ. ಅಜ್ಜಿ ಕಣ್ಣೊರೆಸಿಕೊಂಡರು. ಬೀದಿಯ ಹೆಂಗಸರನ್ನೆಲ್ಲ ನಿಲ್ಲಿಸಿ, “ನಮ್ ಹುಡುಗನಿಗೆ ಈ ವಯಸ್ಸಿಗೇ ಶಿವಭಕ್ತಿ ಬಂದ್ಬಿಟ್ಟಿದೆ ಕಣ್ರೇ” ಅಂತ ಹೇಳಿದರು. ಎದುರು ಮನೆಯ ಆಂಟಿ ತನ್ನ ಮಗನಿಗೆ ನನ್ನನ್ನು ತೋರಿಸಿ ಬೈದಳು. ನಾನು ಸಂಕೋಚದಿಂದ ತಲೆ ತಗ್ಗಿಸಿದೆ. ಸಂಕೋಚ ನನಗೆ ಚೆನ್ನಾಗಿ ಒಪ್ಪುತ್ತದೆ.

ಸಂಜೆ ಮೀನು ಹಿಡಿಯುವ ಕೆಲಸ. ಇಲ್ಲೊಂದು ತಾಂತ್ರಿಕ ತೊಂದರೆ ಇತ್ತು. ಆ ಕೋಲಿನ ತುದಿ ಸಂಪಿನ ಮೇಲೆ ಬರಬೇಕಾದರೆ ಬುಡ ಹಿಡಿದವನು ರಸ್ತೆಯಲ್ಲಿ ನಿಲ್ಲಬೇಕು. ನಿಂತೆ. ಗೇಟಿನ ಸರಳುಗಳ ನಡುವೆ ಕೋಲು ತೂರಿಸಿ, ನಾನು ಡಾಂಬರಿನ ಮೇಲೆ. ವಾಕಿಂಗ್ ಹೋಗುತ್ತಿದ್ದ ಪಕ್ಕದ ಮನೆಯ ಅಂಕಲ್ ನಿಂತರು.

“ಏನೋ ಮಾಡ್ತಿದೀಯ?”

“ಜೇಡರ ಬಲೆ ತೆಗೀತಿದೀನಿ ಅಂಕಲ್.”

“ಒಳಗೆ ನಿಂತ್ಕೊಂಡು ತೆಗೀಬಹುದಲ್ಲ?”

“ಜೇಡಕ್ಕೆ ಗೊತ್ತಾಗಿಬಿಡುತ್ತೆ.”

ಗುಂಪಿಗೆ ವರದಿ ಮಾತ್ರ ತಪ್ಪಿಸಲಿಲ್ಲ. “ಸಂಪಿನ ದಡದ ಇವತ್ತಿನ ಸ್ಥಿತಿ. ನೀರು ತಿಳಿ, ಸ್ವಲ್ಪ ಬ್ಲೀಚಿಂಗ್ ವಾಸನೆ. ಕಾರ್ಪೊರೇಷನ್ ನೀರು ಬಿಟ್ಟಾಗ ಉತ್ತರದ ಗೋಡೆ ಕಡೆ ಭಾರೀ ಅಲೆ. ಅಪ್ಪ ಮೋಟಾರ್ ಹಾಕಿದರೆ ಸೆಳವು. ಗಾಳಿ ಇಲ್ಲ, ಮುಚ್ಚಳ ಇದೆ.” ಚಪಾತಿ ಹಿಟ್ಟು, ಮಂಡಕ್ಕಿ, ಅಕ್ಕಿ ಕಡುಬು, ಎಲ್ಲಾ ಹಾಕಿ ನೋಡಿದೆ. ಕಡುಬನ್ನು ಮಾತ್ರ ಅದು ಗಾಳ ಬಿಟ್ಟು ಸುತ್ತಲೂ ತಿಂದು ಹೋಗುತ್ತಿತ್ತು, ಅಪ್ಪ ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಬಿಡುವ ಹಾಗೆ. ಆ ಅಪ್ಪ ದಿನಾ ಅದೇ ನೀರಿನಲ್ಲಿ ಮಿಂದು, ಗುನುಗಿಕೊಂಡು ಹೊರಗೆ ಬರುತ್ತಿದ್ದರು.

ಒಂದು ಭಾನುವಾರ ಅವಕಾಶ ಸಿಕ್ಕಿತು. ಚಿಕ್ಕಪ್ಪ ಹೈದರಾಬಾದಿಗೆ ಮದುವೆಗೆ ಹೋಗುವವರಿದ್ದರು. ಅವರನ್ನು ಸೋಗಾನೆ ಏರ್‌ಪೋರ್ಟಿಗೆ ಬಿಡಲು ಮನೆಯವರೆಲ್ಲ ಹೊರಟರು. ಅಜ್ಜಿಗೆ ವಿಮಾನ ಹತ್ತಿರದಿಂದ ನೋಡುವ ಆಸೆ. ಕಾರು ಬೇಗ ಬಂದದ್ದರಿಂದ ಮಾತ್ರೆ ನುಂಗಿ, “ಸ್ನಾನ ಪೂಜೆ ಎಲ್ಲಾ ಬಂದ್ಮೇಲೆ ಮಾಡಿ ತಿಂಡಿ ತಿಂತೀನಿ” ಅಂತ ಹತ್ತಿಬಿಟ್ಟರು. ಅಮ್ಮ ವಿಮಾನ ಹತ್ತುವವರ ಹಾಗೆ ರೇಷ್ಮೆ ಸೀರೆ ಉಟ್ಟಿದ್ದರು. ನನಗೆ ಫಿಸಿಕ್ಸ್ ಟೆಸ್ಟು ಅಂತ ಮನೆಯಲ್ಲಿ ಬಿಟ್ಟರು.

ಗೆಳೆಯ ಭದ್ರಾವತಿಯಿಂದ ಕೈಬಲೆ ಹಿಡಿದು ಬಂದ. ಸಂಪಿನೊಳಗೆ ಇಣುಕಿದ.

“ನಿಜವಾಗ್ಲೂ ಇದ್ಯೇನೋ?”

“ಕಣ್ಣಾರೆ ನೋಡ್ಕೋ.”

“ಡೇಯ್, ಕಾಣ್ತು. ಇದು ನೀನು ಹೇಳಿದ್ರಲ್ಲಿ ಅರ್ಧ ಇಲ್ವಲ್ಲೋ.”

“ಟೆನ್ಷನ್‌ಗೆ ಇಳಿದಿದೆ ಮಾರಾಯ.”

ಮೋಟಾರ್ ಹಾಕಿ ಮೊಣಕಾಲುದ್ದಕ್ಕೆ ನೀರು ಇಳಿಸಿದೆವು. ಟ್ಯಾಂಕು ತುಂಬಿ ಚಾವಣಿಯಿಂದ ಜಲಪಾತ ಸುರಿಯಿತು. ಗೆಳೆಯ ಒಳಗಿಳಿದು ಮೂಲೆಗೆ ಅಟ್ಟಿದ, ನಾನು ಮೇಲಿನಿಂದ ಕಡುಬು ಇಳಿಬಿಟ್ಟೆ. ಈ ಸಲ ಗಾಳಕ್ಕೆ ಬಾಯಿ ಕೊಟ್ಟಿತು. ಎಳೆದು ಅಂಗಳಕ್ಕೆ ಹಾಕಿದೆ. ಸಿಮೆಂಟಿನ ಮೇಲೆ ಜಿಲೇಬಿ ಪಟಪಟ ಹೊಡೆದುಕೊಂಡಿತು. ನನ್ನ ಜೀವನದ ಅತಿ ದೊಡ್ಡ ಕ್ಷಣ. ವರದಿಗೆಂದು ಫೋನು ಎತ್ತಿದೆ.

ಆಗ ಗೇಟು ತೆರೆದು ಅಮ್ಮ ಬಂದರು. ಮಂಜಿಗೆ ವಿಮಾನ ಇಳಿಯಲಾಗದೆ ವಾಪಸ್ ಹೋಗಿತ್ತಂತೆ. ಅಪ್ಪ, ಚಿಕ್ಕಪ್ಪ ಮುಂದಿನ ಸುದ್ದಿಗೆ ಕಾಯುತ್ತಾ ಅಲ್ಲೇ ಉಳಿದಿದ್ದರು.

ಅಮ್ಮ ಮೀನು ನೋಡಿದರು. ಸಂಪಿನಿಂದ ಹೊರಬಂದಿದ್ದ ನನ್ನ ಗೆಳೆಯನ ತಲೆ ನೋಡಿದರು. ತಲೆ “ನಮಸ್ತೆ ಆಂಟಿ” ಅಂತು. ಹಿಂದೆ ಕಾರಿನಿಂದ ಅಜ್ಜಿ ಇಳಿಯುತ್ತಿದ್ದರು.

“ಯಾಕೇ ನಿಂತ್ಬಿಟ್ಟೆ? ತಲೆ ಸುತ್ತುತ್ತಿದೆ ನಂಗೆ. ಬೇಗ ನೀರು ಸೇದಿಸು, ಪೂಜೆ ಮುಗಿಸ್ತೀನಿ.”

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಅಮ್ಮ ಬಗ್ಗಿ, ಮೀನನ್ನು ರೇಷ್ಮೆ ಸೆರಗಿನಲ್ಲಿ ಬಾಚಿ, ಸುತ್ತಿ, ಹೊಟ್ಟೆಗೆ ಅವುಚಿಕೊಂಡರು. ಅಜ್ಜಿ ಗೇಟು ದಾಟಿದರು.

“ಏನೇ ಅದು ಸೆರಗಲ್ಲಿ ಒದ್ದಾಡ್ತಿರೋದು?”

“ಮೊಬೈಲು ಅತ್ತೆ. ವೈಬ್ರೇಷನ್ನು.”

“ಅಷ್ಟೊಂದಾ?”

“ಹೊಸ ಮಾಡೆಲ್ಲು.”

“ಎತ್ತೇ ಮಾರಾಯ್ತಿ, ವಿಮಾನ ಬಂತು ಅಂತಿರಬೇಕು.”

ಅಮ್ಮ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದರು. “ರಾಂಗ್ ನಂಬರ್ ಅತ್ತೆ. ನೀವ್ ಒಳಗೆ ನಡೀರಿ.”

ಅಜ್ಜಿ ಒಳಗೆ ಹೋದರು. ಅಮ್ಮ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ, ಅದೇ ಭಯ.

“ಬೋರ್‌ವೆಲ್ಲಿಗೆ ಓಡು. ಅವರ ಪೂಜೆ ಆಗ್ಬೇಕು, ತಿಂಡಿ ಹೊಟ್ಟೆಗೆ ಹೋಗ್ಬೇಕು. ಆಮೇಲೆ ಆ ಫೋನು, ಆ ಕೋಲು ತಂದು ನನ್ ಕೈಗೆ ಕೊಟ್ಟು ಸಂಪೊಳಗೆ ಇಳಿ. ತಿಕ್ಕೋಕೆ ಬ್ರಷ್ಷು ನಾನೇ ಕೊಡ್ತೀನಿ.”

ನಾನು ಕೊಡ ಎತ್ತಿಕೊಂಡೆ.