ಫೋರ್ಕ್‌ಲಿಫ್ಟ್ ಮುಂದಿನ ಬೂದುಗುಂಬಳ

ವರ್ಷದಲ್ಲಿ ಎರಡು ಸಲ ಸರ್ಕಾರ ಬಿದ್ದ ದೇಶವೊಂದರಿಂದ ನನ್ನ ಭಾವನಿಗೆ ನೀರು ಶುದ್ಧ ಮಾಡುವ ಯಂತ್ರಗಳ ಆರ್ಡರ್ ಬಂದಿತ್ತು. ಅಂಥ ಕಡೆಗೆ ಮಾಲು ಕಳಿಸುತ್ತೇನೆಂದರೆ ಯಾವ ಬ್ಯಾಂಕೂ ಸಾಲ ಕೊಡದು. ಅಲ್ಲಿನವರು ಕೈಕೊಟ್ಟರೆ ತಾನು ಹಣ ತುಂಬುತ್ತೇನೆಂದು ಇಲ್ಲಿನ ಸರ್ಕಾರ ಗ್ಯಾರಂಟಿ ಬರೆದರೆ ಮಾತ್ರ ಉಂಟು. ಅದು ಸಿಗದಿದ್ದರೆ ಭಾವ ಆ ಯಂತ್ರ ಕಟ್ಟುವ ಕ್ರಾನ್‌ಬರ್ನ್‌ನ ಶೆಡ್ಡಿಗೆ ಬೀಗ ಹಾಕಿ ಮತ್ತೆ ಐಟಿ ಕೆಲಸ ಹುಡುಕಬೇಕಿತ್ತು. ಗ್ಯಾರಂಟಿ ಬರೆಯುವ ಮೊದಲು ಶೆಡ್ ನೋಡಲು ಸಿಡ್ನಿಯಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ನಾನೂ ರಜೆ ಹಾಕಿ ಊರಿನ ಇನ್ನೊಂದು ತುದಿಯ ವಿಂಡಮ್ ವೇಲ್‌ನಿಂದ ಹೋದೆ, ಕುರ್ಚಿ ಒರೆಸಲು.

ಅಕ್ಕ ಅಂದೇ ಮಾಲು ಎತ್ತುವ ಗಾಡಿಗೆ, ಹೊಸ ಫೋರ್ಕ್‌ಲಿಫ್ಟ್‌ಗೆ, ಪೂಜೆ ಇಟ್ಟುಕೊಂಡಿದ್ದಳು. ಚಕ್ರಗಳ ಕೆಳಗೆ ನಿಂಬೆಹಣ್ಣು, ಮುಂದೆ ತಲೆ ಕೊರೆದು ಕುಂಕುಮದ ನೀರು ತುಂಬಿದ ಬೂದುಗುಂಬಳ. ಅದನ್ನು ಒಡೆಯುವ ಮೊದಲೇ ಅಧಿಕಾರಿ ಬಂದುಬಿಟ್ಟರು. ಬಿಳಿ ಪ್ಯಾಂಟಿನ, ನಗದ ಹೆಂಗಸು. ಭಾವ ಗಾಡಿಯ ಸೀಟಿನಿಂದ ಹಾರಿ ಕೈಕುಲುಕಲು ಓಡಿದ.

ಅವರು ಫೋರ್ಕ್‌ಲಿಫ್ಟ್‌ಗೆ ಬೆನ್ನು ಮಾಡಿ ನಿಂತು, ಅಪಾಯಗಳನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು. ಆ ದೇಶದ ಸೇನೆ, ಬಂದರು, ಡಾಲರ್ ಕೊರತೆ, ಎಲ್ಲಕ್ಕೂ ಭಾವ ಉತ್ತರ ಬಾಯಿಪಾಠ ಮಾಡಿದ್ದ. ಅವನು ಬಂದರಿನವರೆಗೆ ತಲುಪಿದಾಗ ಒಂದು ನಿಂಬೆಹಣ್ಣು ಚಪ್ಪಟೆಯಾಗುವುದು ನನಗೆ ಕಂಡಿತು. ಆಮೇಲೆ ಇನ್ನೊಂದು. ಶೆಡ್ಡಿನ ನೆಲ ಇಳಿಜಾರೆಂದು ತಿಳಿದದ್ದೇ ಆಗ. ಕೂಗಲು ಬಾಯಿ ತೆರೆದೆ; ಬರೀ ಗಾಳಿ ಬಂತು. ಇವತ್ತಿಗೂ ಹಲ್ಲುಜ್ಜುವಾಗ ಅದೇ ಕಣ್ಣಿಗೆ ಕಟ್ಟುತ್ತದೆ: ಕಬ್ಬಿಣದ ಎರಡು ನಾಲಗೆ, ಅವರ ಹಿಮ್ಮಡಿ, ನಡುವೆ ಒಂದು ಕುಂಬಳಕಾಯಿ.

ಕುಂಬಳಕಾಯಿ ಮೊದಲು ತಲುಪಿತು. ಉರುಳುತ್ತಾ ಹೋಗಿ ಅವರ ಕಾಲಿಗೆ ಬಡಿದು ಕೆಂಪು ನೀರು ಕಕ್ಕಿತು. ಅವರು ಪಕ್ಕಕ್ಕೆ ಜಿಗಿದರು. ಗಾಡಿ ಅವರು ನಿಂತಿದ್ದ ಜಾಗ ದಾಟಿ ಖಾಲಿ ರಟ್ಟಿನ ಪೆಟ್ಟಿಗೆಗಳೊಳಗೆ ನುಗ್ಗಿ ನಿಂತಿತು. ಪ್ಯಾಂಟಿನ ಕೆಂಪನ್ನು ರಕ್ತವೆಂದುಕೊಂಡು ಭಾವ ನೆಲಕ್ಕೆ ಕುಸಿದ.

"ಹ್ಯಾಂಡ್‌ಬ್ರೇಕ್ ಯಾರ್ರೀ ಹಾಕ್ಬೇಕಿತ್ತು, ದೇವ್ರಾ?" ಎಂದಳು ಅಕ್ಕ.

ಆ ತರಕಾರಿ ಯಾಕೆ ಎಂದು ಅಧಿಕಾರಿ ಕೇಳಿದರು. ಭಾವ ಇನ್ನೂ ನೆಲದ ಮೇಲೇ ಇದ್ದ. ನನಗೆ ಆಗಷ್ಟೇ ದನಿ ಮರಳಿತು.

"ರಿಸ್ಕ್‌ಗೆ, ಮೇಡಂ."

ಅವರು ಅದನ್ನೂ ಬರೆದುಕೊಂಡರು.

ಗ್ಯಾರಂಟಿ ಹೋಯಿತೆಂದೇ ಅಕ್ಕ ಎರಡು ದಿನ ಭಾವನ ಜೊತೆ ಮಾತಾಡಲಿಲ್ಲ. ಮುಂದಿನ ತಿಂಗಳು ಪತ್ರ ಬಂತು. ಸೇನೆ, ಬಂದರು, ಡಾಲರ್, ಆ ದೇಶದ ಅಪಾಯವನ್ನೆಲ್ಲ ಸರ್ಕಾರ ಹೊತ್ತುಕೊಂಡಿತ್ತು. ಕ್ರಾನ್‌ಬರ್ನ್ ಶೆಡ್ಡಿನದ್ದನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಚಕ್ರಕ್ಕೆ ಅಡ್ಡ ಇಡುವ ರಬ್ಬರ್ ತಡೆ ತರದೆ ಕಂಟೇನರ್ ಹೊರಡಕೂಡದು.

ಭಾವ ಸಂಜೆಯೊಳಗೆ ಹಳದಿಯವು ನಾಲ್ಕು ತಂದ. ಅಕ್ಕ ನಾಲ್ಕಕ್ಕೂ ಕುಂಕುಮ ಹಚ್ಚಿದಳು.