ಹಸಿರನ್ನು ನಂಬದ ಬೀಳಗಿಯವರು

ಬೀಳಗಿಯವರು ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಮನೆಗೆ ಮೊದಲ ಸಲ ಬಂದ ದಿನ, ದೇವರ ಮುಂದೆ ಹಚ್ಚಿಟ್ಟಿದ್ದ ಊದುಬತ್ತಿಗಳನ್ನೆಲ್ಲ ಎತ್ತಿಕೊಂಡು ಊಟದ ಕುರ್ಚಿ ಹತ್ತಿ, ಚಾವಣಿಯ ಸ್ಮೋಕ್ ಅಲಾರಂಗೆ ಮಂಗಳಾರತಿ ಎತ್ತುವವರ ಹಾಗೆ ನಿಂತುಬಿಟ್ಟರು. ಪೂಜೆಗೆ ಬಂದವರೆಲ್ಲ ತಲೆ ಎತ್ತಿ ಚಾವಣಿ ನೋಡಿದರು. ನನ್ನ ಮಗಳು ಕಿವಿಯಲ್ಲಿ "ಅಮ್ಮಾ, ಈಸ್ ಹಿ ಓಕೆ?" ಅಂದಳು.

"ಸರ್, ಅದು ಸರಿಯಾಗಿದೆ, ಹಸಿರು ದೀಪ ಉರೀತಾ ಇದೆಯಲ್ಲ. ಬಟನ್ ಒತ್ತಿದ್ರೆ ಶಬ್ದಾನೂ ಬರುತ್ತೆ" ಎಂದರು ನನ್ನ ಗಂಡ.

"ಬಟನ್ ಒತ್ತಿದ್ರ ಒದರತೈತಿ ಅಂತ ಗೊತ್ತಾತು. ಹೊಗಿ ಬಂದ್ರ ಒದರತೈತೋ ಇಲ್ಲೋ, ಯಾರ್ ನೋಡ್ಯಾರ?"

ಹೊಗೆ ಅಲಾರಂ ಸುತ್ತ ಮೋಡ ಕಟ್ಟಿತು. ಅದು ಹಸಿರು ದೀಪ ಮಿಟುಕಿಸುತ್ತಾ ಸುಮ್ಮನೆ ಇತ್ತು. ಬೀಳಗಿಯವರು ಕುರ್ಚಿಯಿಂದ ಇಳಿದು, ಊದುಬತ್ತಿಯನ್ನು ಮತ್ತೆ ದೇವರಿಗೇ ಒಪ್ಪಿಸಿ, ಏನೂ ಆಗದವರಂತೆ ಪ್ರಸಾದಕ್ಕೆ ಕೈಚಾಚಿದರು. ಮರುದಿನ ನನ್ನ ಗಂಡ ಹೋಗಿ ಹೊಸ ಅಲಾರಂ ತಂದರು.

ಆಗ ನಾನು ಬಹಳ ವರ್ಷ ಮನೆಯಲ್ಲಿದ್ದು, ಸೌತ್‌ಫೀಲ್ಡ್‌ನ ಒಂದು ಆಫೀಸಿನಲ್ಲಿ ಮತ್ತೆ ಕೆಲಸ ಹಿಡಿದಿದ್ದೆ. ಪ್ರೋಗ್ರಾಂ ಬರೆಯುವವರು ಅದರ ಒಂದೊಂದು ಸಣ್ಣ ಭಾಗವನ್ನೂ ಪರೀಕ್ಷಿಸಲು ಬಳಸುವ ಟೆಸ್ಟಿಂಗ್ ಲೈಬ್ರರಿ ಎಂಬ ಸಾಫ್ಟ್‌ವೇರ್ ಒಂದನ್ನು ನಮ್ಮ ಗುಂಪು ನೋಡಿಕೊಳ್ಳುತ್ತಿತ್ತು. ಪರೀಕ್ಷೆ ಗೆದ್ದರೆ ತೆರೆಯ ಮೇಲೆ ಹಸಿರು, ಸೋತರೆ ಕೆಂಪು. ಅದನ್ನು ಬಳಸುವುದು ಹೇಗೆಂದು ವಿವರಿಸುವ ಪುಟಗಳನ್ನು ತಿದ್ದಿ ಬರೆಯುವುದು ನನ್ನ ಕೆಲಸ, ಅವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವುದು ಬೀಳಗಿಯವರ ಕೆಲಸ. ನನ್ನದು ಕಾಂಟ್ರಾಕ್ಟ್. ಪುಟಗಳಿಗೆಲ್ಲ ಅವರ ಓಕೆ ಸಿಕ್ಕರೆ ಕೆಲಸ ಖಾಯಂ, ಇಲ್ಲದಿದ್ದರೆ ಮತ್ತೆ ಮನೆ.

ಆ ಓಕೆ ಬರುತ್ತಲೇ ಇರಲಿಲ್ಲ.

ಬಾಗಲಕೋಟೆ ಕಡೆಯ ಮನುಷ್ಯ. ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಹೆಂಡತಿ ಗಿರಿಜಕ್ಕ ಹಿಂದಿನ ರಾತ್ರಿ ತಾವೇ ಹೆಪ್ಪುಹಾಕಿದ ಮೊಸರನ್ನೂ ಡಬ್ಬಿ ತೆಗೆದ ಕೂಡಲೇ ಮೂಗಿಗೆ ಹಿಡಿದು ನೋಡದೆ ಅವರು ಅನ್ನಕ್ಕೆ ಹಾಕಿಕೊಂಡವರಲ್ಲ. ಕಾರ್ ಲಾಕ್ ಮಾಡಿ, ಅದು ಕುಂಯ್ ಅಂದಮೇಲೂ ಹಿಡಿಕೆಯನ್ನು ಎರಡು ಸಲ ಎಳೆಯುವರು. ನನ್ನ ಪುಟ ಪರಿಶೀಲಿಸುವ ಮೊದಲು ತಮ್ಮ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ, "ಇವತ್ತ ನೌಕರಿಗೆ ಸೇರಿದಾಂವ ನಾ. ನನಗೇನೂ ಗೊತ್ತಿಲ್ಲ" ಎಂದು ಮೊದಲ ಸಾಲಿನಿಂದ ಬರೆದಂತೆಯೇ ಮಾಡುತ್ತಾ ಹೋಗುವರು. ಎಲ್ಲಿ ಸಿಕ್ಕಿಕೊಂಡರೋ ಅಲ್ಲಿಂದಲೇ ಪುಟ ವಾಪಸ್.

"ಈ 'ಜಸ್ಟ್' ಯಾಕ ಹಾಕೀರಿ? 'ಜಸ್ಟ್ ಇಷ್ಟು ಮಾಡಿ' ಅಂತ ಕಂಡಲ್ಲೆಲ್ಲ ನನಗ ಸಂಶೇ ಬರತೈತಿ. ಬರದವ್ರು ಏನೋ ಮುಚ್ಚಾಕತ್ತಾರ."

ಉದಾಹರಣೆ ಹಸಿರು ತೋರಿಸಿದರೂ ತೃಪ್ತಿಯಿಲ್ಲ. "ಇದು ಕೆಂಪ ಆಗಿದ್ದು ಯಾರ್ ನೋಡ್ಯಾರ? ಮೊದಲ ಪ್ರೋಗ್ರಾಂ ಕೆಡಿಸ್ರಿ. ಟೆಸ್ಟ್ ಕೆಂಪ ಆಗ್ಲಿ. ಆಮ್ಯಾಲೆ ಹಸರ ನಂಬೂಣು."

ಅವರಿಗೆ ಪುಟದ ಮೇಲೆ ಅನುಮಾನ, ನನಗೆ ಅವರ ಮೇಲೆ. ಮನೆಯಲ್ಲಿ ಕೂತಿದ್ದ ಹೆಂಗಸು ಅಂತ ಸಸಾರವೇ? ತಮಗೆ ಬೇಕಾದ ಯಾರನ್ನೋ ತರುವ ಯೋಚನೆಯೇ? ಪಕ್ಕದ ಸೀಟಿನ ಸುಮಾ ಒಗ್ಗರಣೆ ಹಾಕಿದಳು: "ಮ್ಯಾನೇಜರ್ ಹತ್ರ ನಿಮ್ಮ ಹಳೇ ಡ್ರಾಫ್ಟ್‌ಗಳನ್ನೆಲ್ಲ ಕೇಳ್ತಿದ್ರು ಕಣ್ರೀ. ಯಾಕೋ ಹುಷಾರಾಗಿರಿ." ಅಂದಿನಿಂದ ಅವರು "ಊಟ ಆತ್ರೀ?" ಎಂದರೂ ನಾನು ಅದರ ಹಿಂದೇನಿದೆ ಎಂದು ಹುಡುಕತೊಡಗಿದೆ.

ಕಾಂಟ್ರಾಕ್ಟಿನ ಕೊನೆಯ ವಾರ. ಹೊಸಬರು ಎಲ್ಲರಿಗಿಂತ ಮೊದಲು ಓದುವ ಪುಟವೊಂದಿತ್ತು. ಅದು ಬಹಳ ಹಳೆಯದು, ನನ್ನ ಪಾಲಿಗೆ ಬಂದದ್ದಲ್ಲ. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೀಳಗಿಯವರ ಚಾಳಿ ನನಗೂ ಅಂಟಿತ್ತೇನೋ, ಅಲ್ಲಿನ ಉದಾಹರಣೆಯ ಪ್ರೋಗ್ರಾಂ ಕೆಡಿಸಿ ನೋಡಿದೆ. ಹಸಿರು. ಇನ್ನಷ್ಟು ಕೆಡಿಸಿದೆ. ಆಗಲೂ ಹಸಿರು. ಉತ್ತರ ಬರುವ ತನಕ ಕಾಯಲು ಹೇಳುವ ಒಂದು ಪದವೇ ಅಲ್ಲಿ ಬಿಟ್ಟುಹೋಗಿತ್ತು. ಪರೀಕ್ಷೆ ಉತ್ತರವನ್ನು ನೋಡದೆಯೇ ಗೆದ್ದೆನೆಂದು ಹೇಳಿ ಮುಗಿದುಬಿಡುತ್ತಿತ್ತು, ನಮ್ಮ ಮನೆಯ ಹಳೇ ಅಲಾರಂನ ಹಾಗೆ.

ಬರೆದವರು ಯಾರೆಂದು ನೋಡಿದೆ. ಬೀಳಗಿ. ಒಪ್ಪಿಗೆ ಕೊಟ್ಟವರೂ ಬೀಳಗಿ.

"ಸುಮ್ನಿರಿ ಮಾರಾಯ್ರೆ! ಮೊದ್ಲು ನಿಮ್ಮ ಓಕೆ ತಗೊಳ್ಳಿ, ಆಮೇಲೆ ಬೇಕಾದ್ರೆ ಹೇಳಿ" ಎಂದಳು ಸುಮಾ. ಮನೆಯಲ್ಲಿ ಗಂಡನೂ ಅದನ್ನೇ ಹೇಳಿದರು. ಅದೇ ಬುದ್ಧಿವಂತಿಕೆ ಎಂದು ನನಗೂ ಗೊತ್ತಿತ್ತು. ಆದರೆ ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಆ ಉದಾಹರಣೆಯನ್ನೇ ಕಾಪಿ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಆ ಪುಟದ ಪಕ್ಕದಲ್ಲಿ ಅವರ ಮಾತನ್ನೇ ಬರೆದು ಕಳಿಸಿದೆ: ಇದು ಕೆಂಪಾಗಿದ್ದನ್ನು ಯಾರು ನೋಡಿದ್ದಾರೆ?

ಆ ದಿನ ಅವರು ಊಟಕ್ಕೆ ಬರಲಿಲ್ಲ. ಗಾಜಿನ ಕೋಣೆಯಲ್ಲಿ ಮ್ಯಾನೇಜರ್ ಎದುರು ಕೂತಿದ್ದು ಕಾಣುತ್ತಿತ್ತು. ಸುಮಾ ನನ್ನನ್ನು ನೋಡಿ ತಲೆಯಾಡಿಸಿದಳು. ಮೇಜಿನ ಮೇಲಿದ್ದ ಮಗಳ ಫೋಟೋ, ಚಹಾದ ಲೋಟ ಬ್ಯಾಗಿಗೆ ಹಾಕಿಕೊಳ್ಳುವುದೋ ಬೇಡವೋ ಎಂದು ನೋಡುತ್ತಿದ್ದೆ, ಒಳಗಿನಿಂದ ಕರೆ ಬಂತು.

ಬೀಳಗಿಯವರು ನನ್ನತ್ತ ನೋಡಲಿಲ್ಲ. ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು: "ಶಿ ಡೌಟೆಡ್ ಮಿ. ಕೀಪ್ ಹರ್."

ಹೊರಗೆ ಬಂದಮೇಲೆ ಕಾರಿಡಾರಿನಲ್ಲಿ ನಿಂತರು. "ಎಷ್ಟ ಮಂದಿ ಕಾಪಿ ಮಾಡ್ಯಾರೋ ಏನೋ. ಬರದಾಂವ ತಾನ ಓದಿದ್ರ ಹಿಂಗ ನೋಡ್ರಿ, ಇಲ್ಲದ ಪದಾನೂ ಕಣ್ಣು ತುಂಬ್ಕೋತೈತಿ."

ನನ್ನ ಅನುಮಾನ ಇನ್ನೂ ಹೋಗಿರಲಿಲ್ಲ. "ಸರ್, ನಾನು ಹಿಡೀತೀನಾ ನೋಡೋಣ ಅಂತ ಬೇಕಂತಲೇ ಬಿಟ್ಟಿದ್ರಾ?"

"ಇಲ್ರೀ!" ಅವರಿಗೆ ಸಿಟ್ಟೇ ಬಂತು. "ತಪ್ಪು ಅಂದ್ರ ತಪ್ಪು. ಸಿಕ್ಕೊಂಡ ಮ್ಯಾಲೆ ಬೇಕಂತ ಮಾಡಿದ್ನಿ ಅನ್ನೂದು ಅಂಜುಬುರುಕರ ಮಾತು."

ಆಮೇಲೆ ಅವರು ನಿವೃತ್ತರಾಗಿ, ಮಗಳ ಮನೆಗೆ ಹತ್ತಿರವೆಂದು ಅರೋರಾಕ್ಕೆ ಹೋದರು. ಕಳೆದ ಬೇಸಿಗೆಯಲ್ಲಿ ನಾವು ಅಲ್ಲಿಯ ಬಾಲಾಜಿ ದೇವಸ್ಥಾನಕ್ಕೆ ಹೊರಟಾಗ ಫೋನ್ ಮಾಡಿದರು. "ಗುಡಿಯಿಂದ ಮನಿಗೆ ಬರೂ ದಾರಿ ಬರದು ಕಳಸೇನಿ. ಜಿಪಿಎಸ್ ಹಾಕಬ್ಯಾಡ್ರಿ. ಬರದಂಗ ಬರ್ರಿ, ರಿವ್ಯೂ ಮಾಡ್ರಿ."

ಬರೆದಂತೆಯೇ ಹೋದೆವು. ಕೊನೆಯ ಸ್ಟಾಪ್ ಸೈನಿನಲ್ಲಿ ಎಡಕ್ಕೆ ಎಂದಿತ್ತು, ತಿರುಗಿದೆವು. ಬಡಾವಣೆಯ ತುದಿ, ಒಂದು ಕೊಳ, ನಾಲ್ಕು ಬಾತುಕೋಳಿ. ದಾರಿ ಅಲ್ಲಿಗೆ ಮುಗಿದಿತ್ತು. ವಾಪಸ್ ಬಂದು ಬಲಕ್ಕೆ ಹೋದರೆ ಬೀಳಗಿಯವರು ಮನೆ ಮುಂದಿನ ಡ್ರೈವ್‌ವೇಯಲ್ಲೇ ಕಾಯುತ್ತಾ ನಿಂತಿದ್ದರು.

"ಸರ್, ಒಂದು ಬಗ್ ಸಿಕ್ತು" ಎಂದು ಫೋನ್ ತೋರಿಸಿದೆ. ಆ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಬೇಕಂತ ಹಾಕಿದ್ನಿ! ಹಿಡೀತೀರೋ ಇಲ್ಲೋ ನೋಡೂಣಂತ!"

ಹಿಂದೆ ನಿಂತಿದ್ದ ಗಿರಿಜಕ್ಕ ನಗಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಕೊಡುವಾಗ ಮೆಲ್ಲಗೆ ಹೇಳಿದರು: "ನಿನ್ನೆ ಗುಡಿಯಿಂದ ಬರೂ ಮುಂದ ಇವರೂ ಅಲ್ಲೇ ಎಡಕ್ಕ ಹೊಳ್ಳಿಸಿದ್ರವಾ. ಕೆರಿ ಮುಂದ ಗಾಡಿ ನಿಂದ್ರಿಸಿ, ಮನಿ ಎಲ್ಲೈತಿ ಅಂತ ನನ್ನ ಕೇಳಿದ್ರು."

ಊಟಕ್ಕೆ ಕೂತಾಗ ಬೀಳಗಿಯವರು ಮೊಸರಿನ ಡಬ್ಬಿ ತೆಗೆದರು. ಮೂಗಿಗೆ ಹಿಡಿಯಲಿಲ್ಲ. ಹಾಗೆಯೇ ಅನ್ನಕ್ಕೆ ಸುರಿದುಕೊಂಡರು.

ಹೊರಡುವಾಗ ಕಾರಿನವರೆಗೂ ಬಂದು, ನನ್ನ ಕಿಟಕಿಗೆ ಬಗ್ಗಿ ಕೇಳಿದರು: "ಖರೇ ಹೇಳ್ರಿ. ಬೇಕಂತ ಹಾಕಿದ್ನಿ ಅಂದ್ನಿ. ನಂಬಿದ್ರೇನು?"

"ನಂಬಿದೆ ಸರ್."

"ಟೆಸ್ಟ್ ಮಾಡ್ದನ?"

"ಟೆಸ್ಟ್ ಮಾಡದೇನೇ."

ನಾನು ಅವರಿಗೆ ಹೇಳಿದ ಕೊನೆಯ ಮಾತು ಅದು. ಕಿಟಕಿ ಏರಿಸಿದೆ, ಬಾಗಿಲು ಲಾಕ್ ಆದ ಸದ್ದು ಬಂತು. ಬೀಳಗಿಯವರು ಹೊರಗಿನಿಂದ ಹಿಡಿಕೆಯನ್ನು ಎರಡು ಸಲ ಎಳೆದು ನೋಡಿ, ಹೋಗಿಬನ್ನಿ ಎಂದು ಕೈ ಬೀಸಿದರು.