ಟ್ರಿಲಿಯಂ ಕಣಿವೆಯ ಕಾವಲುಗಾತಿ

ಏಪ್ರಿಲ್ ತಿಂಗಳಲ್ಲಿ ಹೂ ನೋಡಲು ಓಹಾಯೋದ ಹಾರ್ಲನ್ ಕಾಡಿಗೆ ಹೋದವರಿಗೆ ಹೂವಿಗಿಂತ ಮೊದಲು ಡೊರೀನ್ ಹಫ್‌ಮನ್ನಳ ಬೈಗುಳ ಎದುರಾಗುತ್ತಿತ್ತು. ದಾರಿ ಶುರುವಾಗುವಲ್ಲಿ ಕಂಬಕ್ಕೆ ಹೊಡೆದ ಬ್ರಷ್ಷಿಗೆ ಬೂಟು ಉಜ್ಜದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಒಮ್ಮೆ ಊರಿನ ಪಾದ್ರಿಯನ್ನೇ ತಡೆದು, "ಪಾದ್ರಿಗಳೇ, ನಿಮ್ಮ ಆತ್ಮ ಚೊಕ್ಕ ಇರಬೋದು, ಬೂಟು ಚೊಕ್ಕ ಇಲ್ಲ. ಉಜ್ಜಿ" ಎಂದಿದ್ದಳು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ಪಳಗಿದ ಗಂಟಲು ಅದು. ಪಾದ್ರಿ ತೆಪ್ಪಗೆ ಉಜ್ಜಿದರು.

ಅವಳ ಸಿಟ್ಟೆಲ್ಲ ಒಂದು ಕಳೆಯ ಮೇಲೆ. ಎಲೆ ಹಿಸುಕಿದರೆ ಬೆಳ್ಳುಳ್ಳಿ ವಾಸನೆ ಹೊಡೆಯುವ ಆ ಗಿಡ ಬೇರು ಬಿಟ್ಟ ಕಡೆ ಕಾಡುಹೂಗಳು ಒಂದೊಂದಾಗಿ ಇಲ್ಲವಾಗುತ್ತವೆ. ಬೀಜವೋ ಕರಿ ಚುಕ್ಕಿಯಷ್ಟು. ಬೂಟಿನ ಮಣ್ಣಿಗೆ ಅಂಟಿಕೊಂಡು ಎಲ್ಲೆಂದರಲ್ಲಿಗೆ ಹೋಗುತ್ತದೆ. ಡೊರೀನ್ ಮತ್ತು ಗಂಡ ವೆಂಡೆಲ್ ಇಪ್ಪತ್ತು ವರ್ಷ ಸೊಂಟ ಬಗ್ಗಿಸಿ ಅದನ್ನು ಕಿತ್ತರು, ಕಿತ್ತಷ್ಟೂ ಸೋತರು. ಉಳಿದಿದ್ದು ಗುಡ್ಡದ ಹಿಂದಿನ ಒಂದು ಪುಟ್ಟ ಕಣಿವೆ. ಅಲ್ಲಿ ಮೂರೆಸಳಿನ ಟ್ರಿಲಿಯಂ ಹೂ ತೊರೆಯವರೆಗೂ ಬೆಳ್ಳಗೆ ಹರಡಿಕೊಳ್ಳುತ್ತಿತ್ತು. ಬೀಜ ಬಿದ್ದು ಹೂ ಬಿಡಲು ಏಳು ವರ್ಷ ಕಾಯಿಸುವ ಗಿಡ. ಗಂಡ ಹೆಂಡತಿ ಆ ಕಣಿವೆಯನ್ನು ನಕ್ಷೆಯಲ್ಲಿ ಹಾಕಿಸಲಿಲ್ಲ, ಯಾರಿಗೂ ಬಾಯಿ ಬಿಡಲಿಲ್ಲ. ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ವೆಂಡೆಲ್ ಕೊನೆಗೆ ಕೇಳಿದ್ದೂ ಅದನ್ನೇ: "ಕಣಿವೆ ನೋಡ್ಕೋತೀಯಲ್ವಾ, ಡೋರಿ?"

ಅವನು ಹೋದ ಮೇಲೆ ಅವಳು ಕಾಡಿಗೆ ಅವನ ಪ್ಯಾಂಟು ಹಾಕಿಕೊಂಡೇ ಹೋಗತೊಡಗಿದಳು. ಉದ್ದವಾಗುತ್ತಿತ್ತು, ಕೆಳಗೆ ಎರಡು ಮಡಿಕೆ ಮಡಿಸುತ್ತಿದ್ದಳು. ಅವನ ವಾಸನೆ ಹೋದೀತೆಂದು ಒಗೆಯುತ್ತಿರಲಿಲ್ಲ, ಕೆಸರು ಒಣಗಿದ ಮೇಲೆ ಕೊಡವಿ ಮೊಳೆಗೆ ನೇತುಹಾಕುತ್ತಿದ್ದಳು.

ಈ ಏಪ್ರಿಲ್‌ನಲ್ಲಿ ಅವಳು ಕಣಿವೆಗೆ ಇಳಿದಾಗ, ಯಾವಾಗಲೂ ಕೂರುವ ಉರುಳಿದ ಮರದ ಪಕ್ಕದಲ್ಲೇ ಆ ಕಳೆ ಮೊಣಕಾಲುದ್ದ ನಿಂತಿತ್ತು. ತೊರೆಯ ದಂಡೆಯ ಚಪ್ಪಟೆ ಬಂಡೆಯ ಬುಡದಲ್ಲಿ ಇನ್ನೊಂದು ಗುಂಪು. ಅವಳಿಗೆ ಸಿಟ್ಟು ನೆತ್ತಿಗೇರಿತು. ಕಳೆ ಕೀಳಲು ಜೊತೆಗೆ ಬರುತ್ತಿದ್ದ ನಿವೃತ್ತ ಅಂಚೆಯವ ಮರ್ಲ್ ಸ್ಟೋಲ್ಟ್ಸ್‌ನನ್ನು, ಮೊಟ್ಟಮೊದಲ ಸಲ, ಅಲ್ಲಿಗೆ ಎಳೆದುಕೊಂಡು ಬಂದಳು.

"ಯಾವನೋ ನುಗ್ಗಿದಾನೆ ಕಣೋ! ಸಿಕ್ಕಿದ್ರೆ ಕಾಲು ಮುರೀತೀನಿ."

"ಜಿಂಕೆ ತಂದಿರ್ಬೇಕು ಬಿಡೇ," ಎಂದ ಮರ್ಲ್. "ಆದ್ರೂ ನಿನಗೆ ಹೆದರಿ ಅವೂ ಕಾಲು ಉಜ್ಕೊಂಡೇ ಬರ್ತಾವೆ ಅನ್ಕೊಂಡಿದ್ದೆ."

"ತಮಾಷೆ ಬೇಡ. ಜಿಂಕೆ ಮರದ ಮೇಲೆ ಕೂತ್ಕೊಳತ್ತಾ? ನೋಡು, ಇಲ್ಲೊಂದು ಗುಂಪು, ಆ ಬಂಡೆ ಹತ್ರ ಒಂದು. ಕೂರೋ ಜಾಗದಲ್ಲೇ ಬಂದಿದೆ!"

"ಇಲ್ಲಿ ಕೂರೋರು ಯಾರು, ಡೊರೀನ್?"

ಕೇಳಿದ ಮೇಲೆ ಅವನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅವಳು ಬೂಟಿನ ಅಡಿ ಎತ್ತಿ ತೋರಿಸಿದಳು. ಒಂದು ಚೂರು ಮಣ್ಣಿರಲಿಲ್ಲ. ಮರ್ಲನ ಕಣ್ಣು ಬೂಟಿನಿಂದ ಒಂದು ಗೇಣು ಮೇಲೆ ಹೋಗಿ ಅಲ್ಲೇ ನಿಂತಿತು.

"ಆ ಮಡಿಕೆ ಬಿಚ್ಚು," ಎಂದ ಮೆಲ್ಲಗೆ.

ಅವಳು ಅದೇ ಮರದ ಮೇಲೆ ಕೂತು ಬಿಚ್ಚಿದಳು. ಒಣಮಣ್ಣು, ತರಗೆಲೆ ಚೂರು, ಅದರ ಜೊತೆ ಹತ್ತಾರು ಕರಿ ಬೀಜ ಅಂಗೈಗೆ ಉದುರಿದವು. ಪ್ರತಿ ಜೂನ್‌ನಲ್ಲಿ ಬೀಜ ಬಲಿತ ಕಳೆ ಕಿತ್ತು ಸುಸ್ತಾದಾಗ ಅವಳು ಬೂಟು ಉಜ್ಜಿಕೊಂಡು ನೇರ ಗುಡ್ಡ ಹತ್ತಿ ಇಲ್ಲಿಗೆ ಬರುತ್ತಿದ್ದಳು. ಮರದ ಮೇಲೋ ಬಂಡೆಯ ಮೇಲೋ ಕೂತು, ಮಡಿಕೆ ಬಿಚ್ಚಿ, ಚೆನ್ನಾಗಿ ಕೊಡವಿ, ಮತ್ತೆ ಮಡಿಸುತ್ತಿದ್ದಳು. ಸಾವಿರ ಜನರ ಬೂಟು ಕಾದವಳಿಗೆ ಇದು ಒಂದು ದಿನವೂ ಹೊಳೆದಿರಲಿಲ್ಲ.

"ನಾನೇ," ಎಂದಳು. "ಬಿತ್ತಿದ್ದು ನಾನೇ ಕಣೋ ಮರ್ಲ್."

"ಕೀಳೋಣ. ಶನಿವಾರ ಇಪ್ಪತ್ತು ಜನಾನ ಕರ್ಕೊಂಡ್ ಬರ್ತೀನಿ."

"ಇಪ್ಪತ್ತು ಜನ ತುಳಿದ್ರೆ ಟ್ರಿಲಿಯಂ ಉಳಿಯತ್ತಾ? ಬೀಜ ಮಣ್ಣಲ್ಲಿ ಹತ್ತು ವರ್ಷ ಕೂತಿರತ್ತೆ. ನನಗೀಗ್ಲೇ ಎಪ್ಪತ್ಮೂರು."

ಇಬ್ಬರೂ ಕಂಡಷ್ಟನ್ನು ಕಿತ್ತು ಕರಿ ಚೀಲಕ್ಕೆ ತುಂಬಿದರು. ಹೂ ಬಿಟ್ಟ ಕಳೆಯನ್ನು ಕಾಡಿನಲ್ಲಿ ಬಿಡುವಂತಿಲ್ಲ, ಚೀಲದ ಬಾಯಿ ಕಟ್ಟಿ ಕಸದ ಲಾರಿಗೆ ಹಾಕಬೇಕು. ವಾಪಸ್ಸು ಬರುವಾಗ ಅವಳು ತಾನು ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ನಡೆದಳು. ಬದಿಯಲ್ಲೆಲ್ಲ ಕಳೆಯ ಹೊಸ ಮೊಳಕೆ ಹಸಿರಾಗಿ ಹರಡಿತ್ತು. ಎಣಿಸಲು ಹೋಗಲಿಲ್ಲ. ವೆಂಡೆಲ್ ಇದನ್ನು ನೋಡಲಿಲ್ಲವಲ್ಲ ಎಂಬ ಸಮಾಧಾನವೂ ಹುಟ್ಟಲಿಲ್ಲ; ಅವನಿಗೆ ಕೊಟ್ಟ ಮಾತನ್ನು ಅವನ ಬಟ್ಟೆಯಲ್ಲೇ ಮುರಿದಿದ್ದಳು.

ಮನೆಯ ಹಿಂದಿನ ಶೆಡ್ಡಿನಲ್ಲಿ ಪ್ಯಾಂಟು ಕಳಚಿ, ಕಳೆ ತುಂಬಿದ ಚೀಲದ ಬಾಯಿ ಮತ್ತೆ ಬಿಚ್ಚಿದಳು. ಪ್ಯಾಂಟನ್ನು ಒಳಗೆ ತುರುಕುವ ಮೊದಲು, ತಡೆಯಲಾರದೆ, ಒಮ್ಮೆ ಮುಖಕ್ಕೆ ಒತ್ತಿಕೊಂಡು ಮೂಸಿದಳು. ಬರೀ ಬೆಳ್ಳುಳ್ಳಿ ವಾಸನೆ ಇತ್ತು.